20 ಸೆಂ.ಮೀ. ಕನ್ನಡಿಯನ್ನು ಕಕ್ಷೆಗೆ ಕಳುಹಿಸಬಹುದೇ?

ಪ್ರಶ್ನೆ: ನಾವು ಎಂಟು ಮಂದಿ ಹವ್ಯಾಸಿ ಖಗೋಳವೀಕ್ಷಕರು. ಹಲವು ವರ್ಷಗಳಿಂದ ಕೈಯಿಂದಲೇ ಕನ್ನಡಿ ಉಜ್ಜಿ ದೂರದರ್ಶಕಗಳನ್ನು ಕಟ್ಟುತ್ತಿದ್ದೇವೆ. ಈಚೆಗೆ 20 ಸೆಂ.ಮೀ. ವ್ಯಾಸದ, ಒಂದು ಮೀಟರ್ ನಾಭಿದೂರದ ಕನ್ನಡಿಯೊಂದನ್ನು ಮುಗಿಸಿದ್ದೇವೆ; ಪರೀಕ್ಷೆಯಲ್ಲಿ ಅದು ಬಹಳ ಚೆನ್ನಾಗಿ ಬಂದಿದೆ. ಅದನ್ನು ಸಣ್ಣ ಉಪಗ್ರಹವೊಂದರಲ್ಲಿ ಕೂರಿಸಿ, ಹಬಲ್ ಬಾಹ್ಯಾಕಾಶ ದೂರದರ್ಶಕದಂತೆ ವಾಯುಮಂಡಲದ ಕಾಟವಿಲ್ಲದೆ ಗೆಲಾಕ್ಸಿ, ನೀಹಾರಿಕೆಗಳ ಚಿತ್ರ ತೆಗೆಯಬೇಕೆಂಬ ಆಸೆ. ನಮ್ಮಲ್ಲಿ ಒಬ್ಬರು ಇಲೆಕ್ಟ್ರಾನಿಕ್ಸ್ ಎಂಜಿನಿಯರ್, ಇಬ್ಬರಿಗೆ ಹ್ಯಾಮ್ ರೇಡಿಯೊ ಪರವಾನಗಿ ಇದೆ. ಉಪಗ್ರಹದ ಉಳಿದ ಭಾಗಗಳು ಸಿದ್ಧವಾಗಿಯೇ ಸಿಗುತ್ತವೆ ಎಂದು ಕೇಳಿದ್ದೇವೆ. ಉಡಾವಣೆಯ ಕಂಪನಕ್ಕೆ ಕನ್ನಡಿ ಒಡೆದರೆ ಏನು ಗತಿ ಎಂಬುದೇ ನಮ್ಮ ದೊಡ್ಡ ಭಯ. ಈ ಕೆಲಸ ನಮ್ಮಂಥವರಿಗೆ ಸಾಧ್ಯವೇ? ಸಾರ್ವಜನಿಕರಿಂದ ಹಣ ಸಂಗ್ರಹಿಸಲು ಈಗಲೇ ಆರಂಭಿಸಬಹುದೇ?

ಉತ್ತರ: ಕನ್ನಡಿ ಒಡೆಯುವ ಭಯವನ್ನು ನಿಮ್ಮ ಚಿಂತೆಗಳ ಸಾಲಿನಲ್ಲಿ ಕೊನೆಗೆ ನಿಲ್ಲಿಸಬಹುದು. ಸಣ್ಣ ಉಪಗ್ರಹಗಳ ಕ್ಯಾಮೆರಾಗಳನ್ನು ಕಂಪನ ಮೇಜಿನ ಮೇಲೆ ಪರೀಕ್ಷಿಸುವುದು ನನ್ನ ವೃತ್ತಿಯ ಭಾಗ. ಸರಿಯಾಗಿ ಆಧಾರ ಕೊಟ್ಟು ಕೂರಿಸಿದ ಗಾಜು ಒಡೆಯುವುದು ಅಪರೂಪ. ಹೆಚ್ಚಾಗಿ ಕಾಣುವುದು ಸಡಿಲಗೊಂಡ ತಿರುಪು, ಬಿರುಕು ಬಿಟ್ಟ ಬೆಸುಗೆ, ಅಥವಾ ನೋಡಲು ನೆಟ್ಟಗಿದ್ದರೂ ತನ್ನ ಜಾಗದಿಂದ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸರಿದ ಕನ್ನಡಿ. ಒಡೆದದ್ದು ಪ್ರಯೋಗಶಾಲೆಯಲ್ಲೇ ಕಣ್ಣಿಗೆ ಬೀಳುತ್ತದೆ. ಸರಿದದ್ದು ಕಕ್ಷೆಯಿಂದ ಮೊದಲ ಚಿತ್ರ ಬಂದಾಗಲಷ್ಟೇ ತಿಳಿಯುವ ಅಪಾಯವಿದೆ.

ಕನ್ನಡಿಯ ವಿಷಯದಲ್ಲಿ ನಾನು ಕೇಳಬಯಸುವುದು ಬೇರೆ: ಅದನ್ನು ಎಷ್ಟು ಸ್ವತಂತ್ರ ವಿಧಾನಗಳಿಂದ ಪರೀಕ್ಷಿಸಿದ್ದೀರಿ? ಹಬಲ್‌ನ 2.4 ಮೀಟರ್ ಕನ್ನಡಿಯ ಅಂಚು ಇರಬೇಕಾದುದಕ್ಕಿಂತ ಸುಮಾರು 2.2 ಮೈಕ್ರಾನ್ ಚಪ್ಪಟೆಯಾಗಿತ್ತು, ಮತ್ತು ಅದಕ್ಕೆ ಕಾರಣ ಉಜ್ಜಿದವರ ಕೈಯಲ್ಲ. ಪರೀಕ್ಷಾ ಸಾಧನದೊಳಗಿನ ಮಸೂರವೊಂದು 1.3 ಮಿ.ಮೀ. ತಪ್ಪು ಜಾಗದಲ್ಲಿ ಕುಳಿತಿತ್ತು. ಬೇರೆ ಪರೀಕ್ಷೆಗಳು ದೋಷದ ಸುಳಿವು ಕೊಟ್ಟಿದ್ದರೂ ಅವನ್ನು ಕಡಿಮೆ ನಿಖರವೆಂದು ಬದಿಗಿಡಲಾಯಿತು. 1990ರ ಏಪ್ರಿಲ್‌ನಲ್ಲಿ ಹಾರಿದ ಆ ದೂರದರ್ಶಕಕ್ಕೆ ಸರಿಯಾದ ದೃಷ್ಟಿ ಬಂದದ್ದು 1993ರ ಡಿಸೆಂಬರ್‌ನಲ್ಲಿ, ಗಗನಯಾತ್ರಿಗಳು ಹೋಗಿ ತಿದ್ದುಪಡಿ ಸಾಧನ ಕೂರಿಸಿದ ಮೇಲೆ. ನಿಮ್ಮ ಉಪಗ್ರಹದ ಬಳಿಗೆ ಯಾರೂ ಹೋಗಲಾರರು. ಆದ್ದರಿಂದ ಕನ್ನಡಿಯ ಆಕಾರ ನೋಡಲು ಹವ್ಯಾಸಿಗಳು ಬಳಸುವ ಫೂಕೋ ಪರೀಕ್ಷೆಯೊಂದನ್ನೇ ನಂಬದೆ, ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ವಿಧಾನದಿಂದಲೂ ಅದೇ ಉತ್ತರ ಬರುವುದೇ ಎಂದು ನೋಡಿಕೊಳ್ಳಿ.

ಈಗ ನಿಮ್ಮ ಆಸೆಯ ಕೇಂದ್ರಕ್ಕೆ ಬರೋಣ. ವಾಯುಮಂಡಲವನ್ನು ದಾಟಿದರೆ ಚಿತ್ರ ತಾನಾಗಿಯೇ ಹಬಲ್‌ನಷ್ಟು ಸ್ಪಷ್ಟವಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ, ಮತ್ತು ಅದು ಅರ್ಧ ಮಾತ್ರ ನಿಜ. ದೂರದರ್ಶಕದ ಸ್ಪಷ್ಟತೆಗೆ ಎರಡು ಮಿತಿಗಳಿವೆ: ಒಂದು ಗಾಳಿಯ ಅಲೆದಾಟ, ಇನ್ನೊಂದು ಕನ್ನಡಿಯ ವ್ಯಾಸವೇ ಹಾಕುವ ಮಿತಿ. ಹಸಿರು ಬೆಳಕಿನಲ್ಲಿ 10 ಸೆಂ.ಮೀ. ಕನ್ನಡಿ ಬೇರ್ಪಡಿಸಿ ತೋರಿಸಬಲ್ಲ ಅತಿ ಸಣ್ಣ ಕೋನ ಸುಮಾರು 1.4 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ), 20 ಸೆಂ.ಮೀ. ಕನ್ನಡಿಗೆ ಅದು ಸುಮಾರು 0.7. ನೆಲದ ಮೇಲಿನ ಒಳ್ಳೆಯ ತಾಣದಲ್ಲಿ ಗಾಳಿ ಹಾಕುವ ಮಿತಿ ಒಂದರಿಂದ ಎರಡು ಆರ್ಕ್‌ಸೆಕೆಂಡ್. ಅಂದರೆ ಎಲ್ಲವೂ ನೂರಕ್ಕೆ ನೂರು ಸರಿಯಾಗಿ ನಡೆದರೂ ನಿಮಗೆ ಸಿಗುವ ಲಾಭ ಎರಡು ಪಟ್ಟಿನ ಆಸುಪಾಸಿನದು. ಗ್ರಹಗಳ ವಿಷಯದಲ್ಲಂತೂ ಸಾವಿರಾರು ವಿಡಿಯೊ ಚೌಕಟ್ಟುಗಳನ್ನು ತೆಗೆದು, ಗಾಳಿ ಶಾಂತವಾಗಿದ್ದ ಕ್ಷಣಗಳದ್ದನ್ನು ಮಾತ್ರ ಆರಿಸಿ ಜೋಡಿಸುವ ಹವ್ಯಾಸಿಗಳು ಈ 0.7ರ ಮಿತಿಯನ್ನು ನೆಲದಿಂದಲೇ ಮುಟ್ಟುತ್ತಿದ್ದಾರೆ. ಹಬಲ್ ಹಬಲ್ ಆಗಿರುವುದು ಅದು ಮೇಲಿದೆ ಎಂಬ ಕಾರಣದಿಂದಷ್ಟೇ ಅಲ್ಲ, ಮೇಲಿದ್ದು 2.4 ಮೀಟರ್ ಅಗಲವಿದೆ ಮತ್ತು 0.007 ಆರ್ಕ್‌ಸೆಕೆಂಡ್‌ನಷ್ಟು ಸ್ಥಿರವಾಗಿ ನಿಲ್ಲಬಲ್ಲದು ಎಂಬ ಕಾರಣದಿಂದ.

ಹಾಗಾದರೆ ಸಣ್ಣ ದೂರದರ್ಶಕಗಳನ್ನು ಯಾರೂ ಮೇಲಕ್ಕೆ ಕಳುಹಿಸುವುದಿಲ್ಲವೇ ಎಂದು ನೀವು ಕೇಳಬಹುದು. ಧಾರಾಳವಾಗಿ ಕಳುಹಿಸುತ್ತಾರೆ. 2018ರಲ್ಲಿ ನಾಸಾ ಹಾರಿಸಿದ ಟೆಸ್ ಉಪಗ್ರಹದ ನಾಲ್ಕು ಕ್ಯಾಮೆರಾಗಳಲ್ಲಿ ಪ್ರತಿಯೊಂದರ ಬಾಯಿ 10.5 ಸೆಂ.ಮೀ. ಮಾತ್ರ, ಅಂದರೆ ನಿಮ್ಮ ಕನ್ನಡಿಯ ಅರ್ಧ. ಅದರ ಒಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ ಅಗಲವನ್ನು ಆವರಿಸುತ್ತದೆ. ನಿಮ್ಮ ಯಾವ ದೂರದರ್ಶಕವೂ ಇಷ್ಟು ಮಂದವಾದ ಚಿತ್ರ ಕೊಡಲಾರದು. ಆದರೂ ಅದು ಬೇರೆ ನಕ್ಷತ್ರಗಳ ಗ್ರಹಗಳನ್ನು ಸಾಲುಸಾಲಾಗಿ ಹುಡುಕಿಕೊಟ್ಟಿದೆ. 2013ರಿಂದ ಹಾರತೊಡಗಿದ ಬ್ರೈಟ್ ಉಪಗ್ರಹಗಳು 20 ಸೆಂ.ಮೀ. ಬದಿಯ ಘನಗಳು, ಅವುಗಳ ದೂರದರ್ಶಕದ ವ್ಯಾಸ ಕೇವಲ 3 ಸೆಂ.ಮೀ. ಇವೆಲ್ಲ ಮಾಡುವುದು ಚಿತ್ರ ತೆಗೆಯುವ ಕೆಲಸವನ್ನಲ್ಲ, ನಕ್ಷತ್ರದ ಬೆಳಕನ್ನು ಬಿಡದೆ ಅಳೆಯುವ ಕೆಲಸವನ್ನು. ಗ್ರಹವೊಂದು ಮುಂದೆ ಹಾದುಹೋದಾಗ ನಕ್ಷತ್ರದ ಬೆಳಕು ತುಸು ಕುಂದುತ್ತದೆ; ಟೆಸ್ ಗ್ರಹಗಳನ್ನು ಹುಡುಕುವುದು ಹಾಗೆ. ನೆಲದಲ್ಲಿ ಗಾಳಿಯಿಂದಾಗುವ ಮಿನುಗು, ಮೋಡ ಮತ್ತು ಹಗಲು ಮೂರೂ ಸೇರಿ ಈ ಅಳತೆಯನ್ನು ಕೆಡಿಸುತ್ತವೆ. ಕಕ್ಷೆಯಲ್ಲಿ ಮಿನುಗಿಲ್ಲ, ಮೋಡವಿಲ್ಲ, ಮತ್ತು ಸರಿಯಾದ ಕಕ್ಷೆ ಆರಿಸಿಕೊಂಡರೆ ವಾರಗಟ್ಟಲೆ ಒಂದೇ ನಕ್ಷತ್ರವನ್ನು ಹಿಂಬಾಲಿಸಬಹುದು.

ಸಣ್ಣ ಕನ್ನಡಿಗೆ ಬಾಹ್ಯಾಕಾಶ ಕೊಡುವ ನಿಜವಾದ ಉಡುಗೊರೆ ಸ್ಪಷ್ಟತೆಯಲ್ಲ, ನಿರಂತರತೆ ಎಂಬುದೇ ಈ ಉತ್ತರದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು. ಅತಿನೇರಳೆ ಬೆಳಕು ಎರಡನೆಯ ಉಡುಗೊರೆ. ಸುಮಾರು 300 ನ್ಯಾನೊಮೀಟರ್‌ಗಿಂತ ಕೆಳಗಿನ ತರಂಗಗಳನ್ನು ಓಝೋನ್ ನೆಲಕ್ಕೆ ಬಿಡುವುದಿಲ್ಲ. ಆದರೆ ಆ ದಾರಿ ಹವ್ಯಾಸಿಗಳಿಗೆ ಕಷ್ಟದ್ದು: ಅಂಟು ಅಥವಾ ಪ್ಲಾಸ್ಟಿಕ್‌ನಿಂದ ಹೊರಟ ಆವಿ ಕನ್ನಡಿಯ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕುಳಿತರೂ ಅತಿನೇರಳೆ ಬೆಳಕು ಅಲ್ಲೇ ಹೀರಿಹೋಗುತ್ತದೆ.

ನಿಮ್ಮ ಯೋಜನೆಯಲ್ಲಿ ಮೊದಲು ಸೋಲುವುದು ಯಾವುದು? ನನ್ನ ಉತ್ತರ, ಗುರಿ ಹಿಡಿದು ನಿಲ್ಲುವುದು. ನೆಲದ ದೂರದರ್ಶಕಕ್ಕೆ ಭೂಮಿಯಷ್ಟು ದೊಡ್ಡ ಆಧಾರವಿದೆ. ಅದರ ಮೋಟಾರು ತಿರುಗಿದಾಗ ತಳ್ಳಿಸಿಕೊಳ್ಳಲು ನೆಲವಿದೆ. ಉಪಗ್ರಹಕ್ಕೆ ಆಧಾರವೇ ಇಲ್ಲ. ಒಳಗಿನ ರಿಯಾಕ್ಷನ್ ವೀಲ್‌ಗಳು ಒಂದು ಕಡೆ ತಿರುಗಿದರೆ ಉಪಗ್ರಹ ಇನ್ನೊಂದು ಕಡೆ ತಿರುಗುತ್ತದೆ. ಆ ಚಕ್ರಗಳ ಸಣ್ಣ ಅಸಮತೋಲನವೇ ಇಡೀ ಉಪಗ್ರಹವನ್ನು ನಡುಗಿಸುತ್ತದೆ. ಸಿದ್ಧವಾಗಿ ಸಿಗುವ ಒಳ್ಳೆಯ ದಿಕ್ಕು ನಿಯಂತ್ರಣ ಘಟಕಗಳು ಸ್ಟಾರ್ ಟ್ರ್ಯಾಕರ್ (ನಕ್ಷತ್ರಗಳನ್ನು ನೋಡಿ ದಿಕ್ಕು ತಿಳಿಯುವ ಕ್ಯಾಮೆರಾ) ಇದ್ದರೂ ಸಾಮಾನ್ಯವಾಗಿ ಹತ್ತಾರು ಆರ್ಕ್‌ಸೆಕೆಂಡ್‌ಗಳ ನಿಖರತೆಯನ್ನು ಕೊಡುತ್ತವೆ. ನಿಮ್ಮ ಕನ್ನಡಿಯ 0.7 ಆರ್ಕ್‌ಸೆಕೆಂಡ್ ಸ್ಪಷ್ಟತೆ ಉಳಿಯಬೇಕಾದರೆ, ಚಿತ್ರ ತೆಗೆಯುವಷ್ಟು ಹೊತ್ತೂ ಅಲುಗಾಟ 0.2 ಅಥವಾ 0.3ರ ಒಳಗಿರಬೇಕು.

ಇದು ಎಷ್ಟು ಕಷ್ಟ ಎಂಬುದಕ್ಕೆ ಆಸ್ಟೀರಿಯಾ ಒಳ್ಳೆಯ ಅಳತೆಗೋಲು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಮತ್ತು ಎಂಐಟಿ ಸೇರಿ ಕಟ್ಟಿದ ಈ ಕ್ಯೂಬ್‌ಸ್ಯಾಟ್ (10 ಸೆಂ.ಮೀ. ಘನಗಳ ಲೆಕ್ಕದಲ್ಲಿ ಅಳೆಯುವ ಸಣ್ಣ ಉಪಗ್ರಹ) ಆರು ಘನಗಳಷ್ಟು ಗಾತ್ರದ್ದು. 2017ರ ನವೆಂಬರ್‌ನಲ್ಲಿ ಅದನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹೊರಬಿಡಲಾಯಿತು. ಉಪಗ್ರಹದ ದೇಹವನ್ನು ಚಕ್ರಗಳಿಂದ ಸ್ಥೂಲವಾಗಿ ಹಿಡಿದು, ಉಳಿದ ನಡುಕವನ್ನು ಸರಿದೂಗಿಸಲು ಸಂವೇದಕವನ್ನೇ, ವಿದ್ಯುತ್ ಕೊಟ್ಟಾಗ ಅತಿ ಸೂಕ್ಷ್ಮವಾಗಿ ಅಲುಗುವ ಪೀಜೊ ಹಲಗೆಯ ಮೇಲೆ ಕ್ಷಣಕ್ಷಣಕ್ಕೂ ಜರುಗಿಸುವ ಏರ್ಪಾಡು ಅದರಲ್ಲಿತ್ತು. ಇಷ್ಟೆಲ್ಲ ಮಾಡಿ ಅವರು 20 ನಿಮಿಷಗಳ ವೀಕ್ಷಣೆಯಲ್ಲಿ ಸುಮಾರು 0.5 ಆರ್ಕ್‌ಸೆಕೆಂಡ್ ಸ್ಥಿರತೆ ಸಾಧಿಸಿದರು. ಅದು ಆ ಗಾತ್ರದ ಉಪಗ್ರಹಕ್ಕೆ ಬಹು ದೊಡ್ಡ ಸಾಧನೆ. ಅದರಿಂದ 55 ಕ್ಯಾಂಕ್ರಿ ಎಂಬ ನಕ್ಷತ್ರದ ಮುಂದೆ ಈಗಾಗಲೇ ಗೊತ್ತಿದ್ದ ಗ್ರಹವೊಂದು ಹಾದುಹೋಗುವುದನ್ನು ಅಳೆದರು. ಅಂದರೆ ಸಂಬಳದ ಮೇಲೆ ಪೂರ್ಣಾವಧಿ ದುಡಿಯುವ ಪರಿಣತರ ತಂಡ ಮುಟ್ಟಿದ ಗಡಿಯೂ ನಿಮ್ಮ ಅಗತ್ಯಕ್ಕಿಂತ ಸಡಿಲವಾದುದೇ.

ಎರಡನೆಯ ಶತ್ರು ಉಷ್ಣತೆ. ಸುಮಾರು 500 ಕಿ.ಮೀ. ಎತ್ತರದ ಉಪಗ್ರಹ ಭೂಮಿಯನ್ನು ಹೆಚ್ಚುಕಡಿಮೆ 95 ನಿಮಿಷಕ್ಕೊಮ್ಮೆ ಸುತ್ತುತ್ತದೆ, ಬಹುತೇಕ ಕಕ್ಷೆಗಳಲ್ಲಿ ಅದರಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ನೆರಳಿನಲ್ಲಿರುತ್ತದೆ. ದಿನಕ್ಕೆ ಹದಿನೈದು ಸಲ ಬಿಸಿಲು, ಹದಿನೈದು ಸಲ ಕತ್ತಲೆ. ಶಾಖವನ್ನು ಸಮವಾಗಿ ಹಂಚಲು ಅಲ್ಲಿ ಗಾಳಿಯೂ ಇಲ್ಲ. ನಿಮ್ಮ ಕನ್ನಡಿಯನ್ನು ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆಯಲ್ಲಿ ಕೂರಿಸಿದ್ದೀರಿ ಎಂದಿಟ್ಟುಕೊಳ್ಳೋಣ. ಕೊಳವೆಯ ಉಷ್ಣತೆ 20 ಡಿಗ್ರಿ ಬದಲಾದರೆ ಅದರ ಉದ್ದ 0.46 ಮಿ.ಮೀ. ಬದಲಾಗುತ್ತದೆ. ನಿಮ್ಮದರಂತೆ ನಾಭಿದೂರ ವ್ಯಾಸದ ಐದು ಪಟ್ಟು ಇರುವ ಎಫ್/5 ವ್ಯವಸ್ಥೆಯಲ್ಲಿ ನಾಭಿ ಸಹಿಸಿಕೊಳ್ಳುವ ಜರುಗಾಟ 0.03 ಮಿ.ಮೀ.ಗಿಂತಲೂ ಕಡಿಮೆ. ಹೀಗೆ ಎರಡು ಡಿಗ್ರಿ ಬದಲಾವಣೆಗೇ ಚಿತ್ರ ಮಸುಕಾಗುತ್ತದೆ. ನೆಲದಲ್ಲಾದರೆ ಗುಂಡಿ ತಿರುಗಿಸಿ ನಾಭಿ ಸರಿಪಡಿಸುತ್ತೀರಿ. ಮೇಲೆ ಆ ಗುಂಡಿಗೂ ಮೋಟಾರು ಬೇಕು, ಆ ಮೋಟಾರಿಗೆ ನಿರ್ವಾತದಲ್ಲಿ ಆರಿಹೋಗದ ಜಿಡ್ಡು ಬೇಕು. ಇನ್ವಾರ್ ಮಿಶ್ರಲೋಹ ಬಳಸಿದರೆ ಹಿಗ್ಗುವಿಕೆ ಸುಮಾರು ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ತೂಕ ಏರುತ್ತದೆ. ಕಾರ್ಬನ್ ಫೈಬರ್ ಹಗುರ, ಹಿಗ್ಗುವುದೂ ಕಡಿಮೆ. ಆದರೆ ಅದು ನೆಲದಲ್ಲಿ ಹೀರಿಕೊಂಡ ತೇವವನ್ನು ನಿರ್ವಾತದಲ್ಲಿ ಬಿಟ್ಟುಕೊಡುತ್ತ ನಿಧಾನವಾಗಿ ಕುಗ್ಗುತ್ತದೆ ಎಂಬುದನ್ನು ಹೊಸಬರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದಕ್ಕೂ ಮೊದಲು ಗಾತ್ರದ ಪ್ರಶ್ನೆಯೇ ಎದುರಾಗುತ್ತದೆ. ಹನ್ನೆರಡು ಘನಗಳ ಕ್ಯೂಬ್‌ಸ್ಯಾಟ್ ಸುಮಾರು 23 ಸೆಂ.ಮೀ. ಅಗಲ, 34 ಸೆಂ.ಮೀ. ಉದ್ದ ಇರುತ್ತದೆ. ಅದರಲ್ಲಿ 20 ಸೆಂ.ಮೀ. ಕನ್ನಡಿ ಹೇಗೋ ಹಿಡಿಸಬಹುದು. ಒಂದು ಮೀಟರ್ ನಾಭಿದೂರ ಹಿಡಿಸುವುದಿಲ್ಲ. ಬೆಳಕನ್ನು ಎರಡನೆಯ ಕನ್ನಡಿಯಿಂದ ಮಡಚಬೇಕು, ಅದಕ್ಕೆ ಎಫ್/1.5ರಂಥ ಆಳವಾದ ಪ್ರಧಾನ ಕನ್ನಡಿಯನ್ನು ಹೊಸದಾಗಿ ಉಜ್ಜಬೇಕು. ಅಂಥ ಜೋಡಣೆ ಅಂತಿಮವಾಗಿ ಎಫ್/6 ಆಗುವಂತೆ ಮಾಡಿದರೆ, ಎರಡು ಕನ್ನಡಿಗಳ ಅಂತರ ಒಂದು ಮೈಕ್ರಾನ್ ತಪ್ಪಿದರೂ ನಾಭಿ ಸುಮಾರು 17 ಮೈಕ್ರಾನ್ ಸರಿಯುತ್ತದೆ. ನೀವು ಮುಗಿಸಿರುವ ಕನ್ನಡಿ ಎಷ್ಟೇ ಚೆಂದವಿದ್ದರೂ ಈ ಕೆಲಸಕ್ಕೆ ಒದಗುವುದಿಲ್ಲ ಎಂದು ಹೇಳಲು ನನಗೂ ಬೇಸರವಾಗುತ್ತದೆ.

ನಿಮ್ಮ ಇಬ್ಬರು ಹ್ಯಾಮ್ ಗೆಳೆಯರು ಮುಂದಿನ ಲೆಕ್ಕವನ್ನು ಕೂಡಲೇ ಗುರುತಿಸುತ್ತಾರೆ. ಸಣ್ಣ ಉಪಗ್ರಹಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ವೇಗ ಸೆಕೆಂಡಿಗೆ 9600 ಬಿಟ್. ಉಪಗ್ರಹ ಒಮ್ಮೆ ತಲೆಯ ಮೇಲೆ ಹಾದುಹೋಗುವಾಗ ಸಿಗುವ ಕಾಲ ಹೆಚ್ಚೆಂದರೆ ಹತ್ತು ನಿಮಿಷದಷ್ಟು, ಆ ಅವಧಿಯಲ್ಲಿ ಇಳಿಯುವುದು ಮುಕ್ಕಾಲು ಮೆಗಾಬೈಟ್‌ಗಿಂತ ಕಡಿಮೆ. 16 ಮೆಗಾಪಿಕ್ಸೆಲ್‌ನ ಒಂದೇ ಒಂದು ಕಚ್ಚಾ ಚಿತ್ರ 32 ಮೆಗಾಬೈಟ್. ಒಂದು ಚಿತ್ರ ಇಳಿಸಲು ಸುಮಾರು 45 ಹಾಯುವಿಕೆಗಳು, ಅಂದರೆ ಒಂದೇ ನೆಲೆಯಿಂದ ಒಂದು ವಾರಕ್ಕೂ ಹೆಚ್ಚು ಸಮಯ. ಇದಕ್ಕಿಂತ ವೇಗದ ಎಸ್-ಬ್ಯಾಂಡ್ ಪ್ರಸಾರಕಗಳಿವೆ, ಆದರೆ ಅವು ಹೆಚ್ಚು ವಿದ್ಯುತ್ತನ್ನೂ ಡಿಶ್ ಆಂಟೆನಾವನ್ನೂ ಬೇಡುತ್ತವೆ. ಹವ್ಯಾಸಿ ತರಂಗಾಂತರಗಳನ್ನು ಬಳಸುವುದಾದರೆ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟದ ಸಮನ್ವಯ ಬೇಕು, ಲಾಭದ ಉದ್ದೇಶ ಇರಕೂಡದು, ಕೆಳಗೆ ಬರುವ ಮಾಹಿತಿಯನ್ನು ಗೂಢಲಿಪಿಯಲ್ಲಿ ಮುಚ್ಚುವಂತಿಲ್ಲ. ಹಣ ಕೊಟ್ಟವರಿಗೆ ಮಾತ್ರ ಚಿತ್ರ ಎಂಬಂಥ ಯೋಜನೆ ಆ ತರಂಗಾಂತರಗಳಲ್ಲಿ ನಡೆಯದು. ಆದರೆ ಇಡೀ ಚಿತ್ರದ ಬದಲು ನಕ್ಷತ್ರದ ಸುತ್ತಲಿನ ಇಪ್ಪತ್ತು ಪಿಕ್ಸೆಲ್ ಚೌಕವನ್ನಷ್ಟೇ ಕಳುಹಿಸಿದರೆ ಅದು 800 ಬೈಟ್. ಒಂದೇ ಹಾಯುವಿಕೆಯಲ್ಲಿ ನೂರಾರು ಅಳತೆಗಳು ಇಳಿಯುತ್ತವೆ. ರೇಡಿಯೊ ಕೂಡ ನಿಮ್ಮನ್ನು ಬೆಳಕು ಅಳೆಯುವ ಕಡೆಗೇ ತಳ್ಳುತ್ತದೆ.

ಭಾಗಗಳು ಸಿದ್ಧವಾಗಿ ಸಿಗುತ್ತವೆ ಎಂಬುದು ನಿಜ. 1999ರಲ್ಲಿ ಅಮೆರಿಕದ ಪ್ರಾಧ್ಯಾಪಕರಾದ ಜೋರ್ಡಿ ಪುಯಿಗ್-ಸುಆರಿ ಮತ್ತು ಬಾಬ್ ಟ್ವಿಗ್ಸ್ ಕ್ಯೂಬ್‌ಸ್ಯಾಟ್‌ನ 10 ಸೆಂ.ಮೀ. ಘನದ ಮಾನದಂಡವನ್ನು ರೂಪಿಸಿದ ಮೇಲೆ ಬ್ಯಾಟರಿ, ಸೌರಫಲಕ, ಕಂಪ್ಯೂಟರ್ ಎಲ್ಲಕ್ಕೂ ಮಾರುಕಟ್ಟೆ ಬೆಳೆದಿದೆ. ಆದರೆ ಭಾಗಗಳನ್ನು ಕೊಂಡರೆ ಉಪಗ್ರಹ ಸಿಕ್ಕಂತಾಗುವುದಿಲ್ಲ. ಪಾತ್ರೆ, ಒಲೆ, ಅಕ್ಕಿ ಎಲ್ಲ ತಂದಿಟ್ಟ ಮಾತ್ರಕ್ಕೆ ಮದುವೆಯ ಅಡುಗೆ ಆಗುವುದಿಲ್ಲವಲ್ಲ. ಮೊದಲ ಸಲ ಕಟ್ಟುವವರ ಉಪಗ್ರಹಗಳಲ್ಲಿ ಎಷ್ಟೋ ಕಕ್ಷೆಗೆ ಹೋದ ಮೇಲೆ ಒಂದು ಸದ್ದನ್ನೂ ಮಾಡಿಲ್ಲ. ಹೀಗಾಗುವುದಕ್ಕೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಒಂದು ಭಾಗದ ದೋಷವಲ್ಲ. ಎಲ್ಲ ಭಾಗಗಳನ್ನೂ ಒಟ್ಟಿಗೆ, ಹಾರುವಾಗ ಇರುವ ಸ್ಥಿತಿಯಲ್ಲೇ, ದಿನಗಟ್ಟಲೆ ಓಡಿಸಿ ನೋಡಿರುವುದಿಲ್ಲ. ಕೆಲಸ ತಡವಾದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಪರೀಕ್ಷೆಯ ಸಮಯಕ್ಕೇ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿಯವರು ಹಾರಿಸಿದ್ದಕ್ಕೂ ಅವರ ದೇಶವೇ ಹೊಣೆ. 1972ರ ಹೊಣೆಗಾರಿಕೆ ಒಪ್ಪಂದ ನಷ್ಟ ಪರಿಹಾರವನ್ನೂ ದೇಶದ ಮೇಲೆ ಹಾಕುತ್ತದೆ. ಆದ್ದರಿಂದ ಯಾವ ದೇಶವೂ ಅನುಮತಿಯಿಲ್ಲದೆ ಬಿಡುವುದಿಲ್ಲ. ಕೆಲಸ ಮುಗಿದ ಉಪಗ್ರಹ ಎಷ್ಟು ವರ್ಷಗಳಲ್ಲಿ ಉರಿದು ಬೀಳುತ್ತದೆ ಎಂಬುದನ್ನೂ ತೋರಿಸಬೇಕು; ಹಿಂದೆ 25 ವರ್ಷ ಎಂದಿದ್ದ ಮಿತಿಯನ್ನು ಅಮೆರಿಕದ ಸಂವಹನ ನಿಯಂತ್ರಣ ಆಯೋಗ 2022ರಲ್ಲಿ ಐದು ವರ್ಷಕ್ಕೆ ಇಳಿಸಿದೆ. ಕೆಳಗಿನ ಕಕ್ಷೆ ಆರಿಸಿಕೊಂಡರೆ ಈ ಷರತ್ತು ತಾನಾಗಿ ಪೂರೈಸುತ್ತದೆ, ಆದರೆ ಆಯುಷ್ಯವೂ ಅಷ್ಟೇ ಕಡಿಮೆ.

ಇಷ್ಟು ಹೇಳಿದ ಮೇಲೂ ಹವ್ಯಾಸಿಗಳಿಂದ ಆಗದು ಎಂದು ನಾನು ಹೇಳಲಾರೆ, ಏಕೆಂದರೆ ಇತಿಹಾಸ ಹಾಗೆ ಹೇಳುವುದಿಲ್ಲ. 1961ರ ಡಿಸೆಂಬರ್ 12ರಂದು, ಮೊದಲ ಸ್ಪುಟ್ನಿಕ್ ಹಾರಿ ಬರೀ ನಾಲ್ಕು ವರ್ಷಗಳಾಗಿದ್ದಾಗ, ಹ್ಯಾಮ್ ರೇಡಿಯೊ ಹವ್ಯಾಸಿಗಳು ಕಟ್ಟಿದ ಆಸ್ಕರ್-1 ಕಕ್ಷೆಗೆ ಸೇರಿತು. ಅದು ಮಾಡಿದ್ದು ಮೋರ್ಸ್ ಲಿಪಿಯಲ್ಲಿ ಎರಡು ಅಕ್ಷರಗಳ ನಮಸ್ಕಾರ ಹೇಳುವುದನ್ನು ಮಾತ್ರ. ಅದರ ವೇಗ ಉಪಗ್ರಹದ ಒಳಗಿನ ಉಷ್ಣತೆಗೆ ತಕ್ಕಂತೆ ಬದಲಾಗುತ್ತಿತ್ತು. ಬ್ಯಾಟರಿ ಮುಗಿಯುವವರೆಗೆ ಸುಮಾರು ಮೂರು ವಾರ ಕೆಲಸ ಮಾಡಿತು. ಇನ್ನೊಂದು ಕಡೆ, 1980ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳ ಗುಂಪೊಂದು ಸ್ವಂತ ಬಾಹ್ಯಾಕಾಶ ದೂರದರ್ಶಕದ ಯೋಜನೆ ಹಾಕಿಕೊಂಡು ಶ್ರಮಿಸಿತು, ಅದು ಹಾರಲಿಲ್ಲ. ನನ್ನ ಎಣಿಕೆಯಲ್ಲಿ ವ್ಯತ್ಯಾಸ ಇರುವುದು ಉತ್ಸಾಹದಲ್ಲಲ್ಲ. ರೇಡಿಯೊದವರು ತಮಗೆ ಆಗಲೇ ಬರುತ್ತಿದ್ದ ಕೆಲಸದ ಅತಿ ಸಣ್ಣ ರೂಪವನ್ನು ಆರಿಸಿಕೊಂಡರು.

ಅದೇ ಅಳತೆಯಲ್ಲಿ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ನನ್ನ ಮೆಚ್ಚುಗೆಯದು, 3ರಿಂದ 6 ಸೆಂ.ಮೀ. ಬಾಯಿಯ ಮಸೂರವುಳ್ಳ ಬೆಳಕಿನ ಮಾಪಕವೊಂದನ್ನು ಮೂರು ಅಥವಾ ಆರು ಘನಗಳ ಕ್ಯೂಬ್‌ಸ್ಯಾಟ್‌ನಲ್ಲಿ ಕಳುಹಿಸುವುದು. ಪ್ರಕಾಶಮಾನವಾದ ಒಂದೆರಡು ಚರನಕ್ಷತ್ರಗಳನ್ನು (ಬೆಳಕು ಏರಿಳಿಯುವ ನಕ್ಷತ್ರಗಳನ್ನು) ತಿಂಗಳುಗಟ್ಟಲೆ ಅಳೆಯುವುದಷ್ಟೇ ಅದರ ಕೆಲಸ. ಇಲ್ಲಿ ಬಿಂಬವನ್ನು ಬೇಕೆಂದೇ ಸ್ವಲ್ಪ ಮಸುಕಾಗಿಸಿ ಹಲವು ಪಿಕ್ಸೆಲ್‌ಗಳಿಗೆ ಹರಡುತ್ತಾರೆ, ಆದ್ದರಿಂದ ನಾಭಿಯ ಕಾಟ ಬಹುಮಟ್ಟಿಗೆ ತಗ್ಗುತ್ತದೆ. ಗುರಿಯ ಅಲುಗಾಟವನ್ನೂ ತಕ್ಕಮಟ್ಟಿಗೆ ಸಹಿಸಬಹುದು. ಅಪಾಯಗಳಿಲ್ಲದಿಲ್ಲ. ಪ್ರೋಟಾನ್‌ಗಳ ಹೊಡೆತದಿಂದ ಸಂವೇದಕದಲ್ಲಿ ಕೆಟ್ಟ ಪಿಕ್ಸೆಲ್‌ಗಳು ದಿನೇದಿನೇ ಹೆಚ್ಚುತ್ತವೆ. ಬ್ರೈಟ್ ತಂಡಕ್ಕೂ ಈ ತೊಂದರೆ ಎದುರಾಯಿತು. ಅವರು ಪ್ರತಿ ಎರಡು ಚಿತ್ರಗಳ ನಡುವೆ ಉಪಗ್ರಹವನ್ನು ತುಸು ಹೊರಳಿಸಿ, ನಕ್ಷತ್ರ ಬೇರೆ ಜಾಗದಲ್ಲಿ ಬೀಳುವಂತೆ ಮಾಡಿ, ಒಂದರಿಂದ ಇನ್ನೊಂದನ್ನು ಕಳೆದು ದೋಷವನ್ನು ತೆಗೆದುಹಾಕಿದರು. ಇಂಥ ಉಪಾಯಗಳು ಹವ್ಯಾಸಿಗಳ ಕೈಗೂ ಎಟುಕುವಂಥವು.

ಇದೂ ದೊಡ್ಡದೆನಿಸಿದರೆ, ಉಪಗ್ರಹವನ್ನು ಈಗಾಗಲೇ ಕಟ್ಟುತ್ತಿರುವ ವಿಶ್ವವಿದ್ಯಾಲಯದ ತಂಡಕ್ಕೆ ಕ್ಯಾಮೆರಾವನ್ನು ಮಾತ್ರ ಮಾಡಿಕೊಡಬಹುದು. ನಿಮ್ಮ ಕೈಚಳಕ ಇರುವುದು ದೃಗ್ವಿಜ್ಞಾನದಲ್ಲಿ, ಅವರಿಗೆ ಬೇಕಾದುದೂ ಹೆಚ್ಚಾಗಿ ಅದೇ. ನಿರ್ಧಾರಗಳು ನಿಮ್ಮ ಕೈಯಲ್ಲಿರುವುದಿಲ್ಲ ಎಂಬುದು ಇದರ ಬೆಲೆ. ಬಲೂನಿನ ದಾರಿಯನ್ನು ಹಲವರು ಸುಲಭವೆಂದು ಸೂಚಿಸುತ್ತಾರೆ. 2023ರಲ್ಲಿ ನ್ಯೂಜಿಲೆಂಡಿನ ವನಾಕಾದಿಂದ ಏರಿದ ಸೂಪರ್‌ಬಿಟ್ ಅರ್ಧ ಮೀಟರ್ ದೂರದರ್ಶಕವನ್ನು ಹೊತ್ತು ವಾರಗಟ್ಟಲೆ ಹಾರಿತು ಎಂಬುದು ನಿಜ. ಆದರೆ ಅದು ನಾಸಾದ ದೈತ್ಯ ಬಲೂನು. ಹವ್ಯಾಸಿಗಳ ರಬ್ಬರ್ ಬಲೂನು 30 ಕಿ.ಮೀ. ಏರಿ ಒಡೆಯುವವರೆಗೂ ಕೆಳಗಿನ ಪೆಟ್ಟಿಗೆ ತೂಗಾಡುತ್ತಲೇ ಇರುತ್ತದೆ, ಅಲ್ಲಿಂದ ನಕ್ಷತ್ರವನ್ನು ಅಳೆಯಲಾಗದು. ಚಳಿ ಮತ್ತು ವಿರಳ ಗಾಳಿಯಲ್ಲಿ ನಿಮ್ಮ ಇಲೆಕ್ಟ್ರಾನಿಕ್ಸ್ ತಡೆಯುವುದೇ ಎಂಬ ಪರೀಕ್ಷೆಗೆ ಮಾತ್ರ ಅದು ಬಹಳ ಉಪಯುಕ್ತ.

ಏನನ್ನೂ ಹಾರಿಸದಿರುವ ದಾರಿಯನ್ನೂ ಗಂಭೀರವಾಗಿ ನೋಡಿ. ಟೆಸ್ ಉಪಗ್ರಹದ ಮಾಹಿತಿ ಎಲ್ಲರಿಗೂ ಮುಕ್ತ. ಅದರ ಪಿಕ್ಸೆಲ್ ದೊಡ್ಡದಾದ್ದರಿಂದ ಬೆಳಕು ಕುಂದಿದ್ದು ಯಾವ ನಕ್ಷತ್ರದ್ದು, ಪಕ್ಕದ ಜೋಡಿ ನಕ್ಷತ್ರದ್ದೇ ಎಂಬ ಸಂದೇಹ ಪದೇಪದೇ ಹುಟ್ಟುತ್ತದೆ, ಅದನ್ನು ಬಗೆಹರಿಸಲು ನೆಲದ ಮೇಲಿನ 20 ಸೆಂ.ಮೀ. ದೂರದರ್ಶಕ ಸಾಕಾಗುವ ಸಂದರ್ಭಗಳಿವೆ. ನಿಮ್ಮ ಕನ್ನಡಿಗೆ ನಾಳೆಯೇ ಒದಗುವ ವಿಜ್ಞಾನ ಅದು. ಉಪಗ್ರಹ ಕಟ್ಟುವವರಿಗೂ ಈ ಅನುಭವ ಬೇಕೇ ಬೇಕು. ನೆಲದಲ್ಲಿ ಬೆಳಕಿನ ಅಳತೆ ಮಾಡಿ ಗೊತ್ತಿಲ್ಲದ ತಂಡಕ್ಕೆ ಕಕ್ಷೆಯಿಂದ ಬಂದ ಅಂಕಿಗಳನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಹಣದ ವಿಷಯ. ಈಗಲೇ ಆರಂಭಿಸಬೇಡಿ. 2013ರಲ್ಲಿ ಪ್ಲಾನೆಟರಿ ರಿಸೋರ್ಸಸ್ ಎಂಬ ಕಂಪನಿ ಆರ್ಕಿಡ್ ಎಂಬ ಸಾರ್ವಜನಿಕ ಬಾಹ್ಯಾಕಾಶ ದೂರದರ್ಶಕಕ್ಕಾಗಿ 17,000ಕ್ಕೂ ಹೆಚ್ಚು ಜನರಿಂದ ಸುಮಾರು 15 ಲಕ್ಷ ಡಾಲರ್ ಸಂಗ್ರಹಿಸಿತು. ಅನುಭವಿ ಎಂಜಿನಿಯರುಗಳಿದ್ದ ಕಂಪನಿಯಾಗಿದ್ದರೂ ಉಳಿದ ಬಂಡವಾಳ ಹೊಂದದೆ 2016ರಲ್ಲಿ ಯೋಜನೆಯನ್ನು ಕೈಬಿಟ್ಟು ಹಣ ಹಿಂದಿರುಗಿಸಬೇಕಾಯಿತು. ಅವರಿಗೆ ಹಿಂದಿರುಗಿಸುವ ಶಕ್ತಿಯಿತ್ತು. ಎಂಟು ಜನರ ಗುಂಪಿಗೆ, ಸಂಗ್ರಹಿಸಿದ್ದರಲ್ಲಿ ಅರ್ಧ ಬಿಡಿಭಾಗಗಳಾಗಿ ಮೇಜಿನ ಮೇಲೆ ಕೂತ ಮೇಲೆ, ಆ ಶಕ್ತಿ ಇರುವುದಿಲ್ಲ.

ಮೊದಲು ನಿಮ್ಮದೇ ಹಣದಲ್ಲಿ ಕ್ಯಾಮೆರಾ, ಮಸೂರ ಮತ್ತು ಕಂಪ್ಯೂಟರ್ ಸೇರಿಸಿ ಮೇಜಿನ ಮೇಲೆ ಒಂದು ಮಾದರಿ ಕಟ್ಟಿ, ಕೃತಕ ನಕ್ಷತ್ರವೊಂದರ ಬೆಳಕನ್ನು ಅದು ಒಂದು ವಾರ ಬಿಡದೆ ಅಳೆಯುವಂತೆ ಮಾಡಿ. ಆಮೇಲೆ ಅದನ್ನು ನಿರ್ವಾತ ಕೋಣೆಯೊಂದರಲ್ಲಿ ಬಿಸಿ, ಚಳಿ ಎರಡಕ್ಕೂ ಒಡ್ಡಿ ಅಂಕಿಗಳು ಎಷ್ಟು ಓಲಾಡುತ್ತವೆ ನೋಡಿ. ಅಂಥ ಕೋಣೆಯನ್ನು ಬಾಡಿಗೆಗೆ ಕೊಡುವ ಪ್ರಯೋಗಶಾಲೆಗಳಿವೆ. ಆ ಓಲಾಟದ ನಕ್ಷೆ ನಿಮ್ಮ ಕೈಗೆ ಬಂದ ದಿನ ಹಣ ಕೇಳಿ. ಕೇಳುವಾಗ, ಉಪಗ್ರಹ ಮೌನವಾಗಬಹುದು, ಹಬಲ್‌ನಂಥ ಚಿತ್ರ ಬರುವುದಿಲ್ಲ, ಬರುವುದು ಏರಿಳಿಯುವ ಒಂದು ಗೆರೆ ಎಂಬ ಮೂರು ಸಂಗತಿಗಳನ್ನು ಮನವಿಯ ಮೊದಲ ಪುಟದಲ್ಲೇ ಬರೆಯಿರಿ.